ಸಾಬವ್ವ ಅಂದದ್ದು

ಸಾಬವ್ವ ಹೊಸಬರ ಮುಖವನ್ನು ಮೊದಲು ನೋಡುತ್ತಿರಲಿಲ್ಲ. ಅವರು ತೊಟ್ಟ ಬಟ್ಟೆಯ ಅಂಚನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ಸಂತೆಯಲ್ಲಿ ಜೋಳದ ಕಾಳು ಉಜ್ಜಿ ನೋಡುವವರಂತೆ ಒಂದೆರಡು ಸಲ ಉಜ್ಜಿ, ಆಮೇಲೆ ತಲೆಯೆತ್ತುತ್ತಿದ್ದಳು. ನನ್ನ ಕುರ್ತಾದ ತೋಳನ್ನು ಹಾಗೆ ಹಿಡಿದು ನೋಡಿ ಅವಳು ಆಡಿದ ಮೊದಲ ಮಾತು ಇದು: "ಇದು ಭಾಳ ದಿನ ಬರಂಗಿಲ್ಲ ತಂಗಿ. ಹರದ ಮ್ಯಾಲ ಕೌದಿಗೂ ಬರಂಗಿಲ್ಲ."

ಹಳೆಯ ಸೀರೆ, ಅಂಗಿ, ಧೋತರಗಳ ತುಂಡುಗಳನ್ನು ಒಂದರ ಮೇಲೊಂದಿಟ್ಟು, ಸಾಲು ಸಾಲಾಗಿ ಕೈಹೊಲಿಗೆ ಹಾಕಿ ಮಾಡುವ ಹೊದಿಕೆ ಕೌದಿ. ಅವಳ ಕಡೆಯ ಹೆಂಗಸರಿಗೆಲ್ಲ ಅದು ಬರುತ್ತದೆ. ಯಾದಗಿರಿ ಸೀಮೆಯಿಂದ ಗಂಡನೊಂದಿಗೆ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದವಳು ಅವಳು. ಯೆರವಡಾ ಜೈಲಿನ ಎತ್ತರದ ಗೋಡೆಯ ಹಿಂದೆ, ವಸ್ತಿ ಎಂದು ಕರೆಯುವ ಕೂಲಿಕಾರರ ಕೇರಿಯಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಇದ್ದಳು. ವಾರವೆಲ್ಲ ತಲೆಯ ಮೇಲೆ ಸಿಮೆಂಟಿನ ಬುಟ್ಟಿ. ಭಾನುವಾರ ಬಾಗಿಲಲ್ಲಿ ಕಾಲು ಚಾಚಿ ಕೂತು ಕೌದಿ.

ಅವಳ ಪರಿಚಯ ನನಗಾದದ್ದು ಒಂದು ಸಣ್ಣ ಸಂಸ್ಥೆಯಿಂದ. ಬೇರೆ ಬೇರೆ ದೇಶಗಳಲ್ಲಿ ಮಾನವ ಹಕ್ಕುಗಳ ಬಗ್ಗೆ ಕೆಲಸ ಮಾಡುವ ಕಲಾವಿದರನ್ನು ಕರೆಸಿ, ಹೋಟೆಲಿನಲ್ಲಿ ಇಳಿಸದೆ ವಸ್ತಿಯ ಮನೆಗಳಲ್ಲೇ ಎರಡು ಮೂರು ತಿಂಗಳು ಇರಿಸುವುದು ಆ ಸಂಸ್ಥೆಯ ಕೆಲಸ. ಸಾಬವ್ವ ಮಗಳಿಗೆಂದು ಮನೆಯ ಮೇಲೆ ತಗಡಿನ ಒಂದು ಕೋಣೆ ಎಬ್ಬಿಸಿದ್ದಳು. ಮಗಳು ಮದುವೆಯಾಗಿ ಸೊಲ್ಲಾಪುರಕ್ಕೆ ಹೋದ ಮೇಲೆ ಆ ಕೋಣೆಗೆ ಕಲಾವಿದರು ಬಂದು ಹೋಗತೊಡಗಿದರು. ನಾನು ಪುಣೆಯಲ್ಲೇ, ವಾಕಡದಲ್ಲಿ ಬಾಡಿಗೆಗಿದ್ದೆ. ವಾರದ ಐದು ದಿನ ಹಿಂಜವಾಡಿಯ ಆಫೀಸು, ಶನಿವಾರ ಭಾನುವಾರ ಈ ಕಲಾವಿದರಿಗೂ ವಸ್ತಿಯ ಕನ್ನಡದವರಿಗೂ ನಡುವೆ ದುಭಾಷಿ. ತುಮಕೂರಿನವಳಾದ ನನ್ನ ಕನ್ನಡವೇ ಅವಳಿಗೆ ಅರ್ಧ ಇಂಗ್ಲಿಷಿನಂತೆ ಕೇಳುತ್ತಿತ್ತು. ನಾನು ಮೊದಲ ದಿನ "ನೀವು" ಎಂದಾಗ ಅವಳು ಹಿಂದೆ ತಿರುಗಿ, ಇನ್ಯಾರಾದರೂ ನಿಂತಿದ್ದಾರೇನೋ ಎಂದು ನೋಡಿದಳು. "ಅವ್ವ ಅಂದ ಮ್ಯಾಲ ನೀವು ಗೀವು ಯಾಕ? ನನ್ನ ಮಗಳು ನನಗ ನೀ ಅಂತಾಳ."

ಮಾನವ ಹಕ್ಕು ಎಂದರೇನು ಎಂದು ಅವಳು ಒಮ್ಮೆ ಕೇಳಿದಳು. ನನಗೆ ತಿಳಿದಂತೆ ವಿವರಿಸಿದೆ. ಸೂಜಿಗೆ ದಾರ ಪೋಣಿಸುತ್ತ ಎಲ್ಲವನ್ನೂ ಕೇಳಿಸಿಕೊಂಡು ಕೇಳಿದಳು, "ಅಂದ್ರ ಹೊಲದಾಗಿನ ಪಾಲು ಇದ್ದಂಗೇನು?"

"ಹೆಚ್ಚು ಕಡಿಮೆ ಹಾಗೇ."

"ಮತ್ತ ನಮ್ಮ ಪಾಲು ಯಾರ ಹೆಸರ್ಲೆ ಅದ?"

ಕೇಳಿ, ದಾರದ ತುದಿಗೆ ಗಂಟು ಹಾಕಿ ಮುಂದಿನ ಸಾಲು ಹೊಲಿಯತೊಡಗಿದಳು.

ಅವಳ ಗಂಡ ಹಣಮಂತ ಸತ್ತು ಆಗ ಆರೇಳು ವರ್ಷವಾಗಿತ್ತು. ಒಂದು ದೊಡ್ಡ ಕಟ್ಟಡಕ್ಕೆ ಬುನಾದಿ ಅಗೆಯುವಾಗ ಮಣ್ಣು ಕುಸಿದು ಸತ್ತ. ಇಂಥವನು ನಮ್ಮಲ್ಲಿ ಕೆಲಸವನ್ನೇ ಮಾಡಿಲ್ಲ ಎಂದು ಕಂಪನಿ ಹೇಳಿತು. ಹೆಣವನ್ನು ಅದೇ ಸಂಜೆ ಟೆಂಪೋದಲ್ಲಿ ಊರಿಗೆ ಸಾಗಿಸಿದರು. ಇಷ್ಟನ್ನು ಅವಳು ನನಗೆ ಒಂದೇ ಸಲ, ಒಂದೇ ಉಸಿರಿನಲ್ಲಿ ಹೇಳಿದ್ದಳು. ಮತ್ತೆ ಎತ್ತಿದವಳಲ್ಲ.

ಯುರೋಪಿನಿಂದ ಬಂದ ಫೋಟೋಗ್ರಾಫರ್ ಒಬ್ಬ ಆ ಕೋಣೆಯಲ್ಲಿ ಎರಡು ತಿಂಗಳು ಇದ್ದ. ಒಳ್ಳೆಯವನೇ. ರೊಟ್ಟಿ ಬಡಿಯುವುದನ್ನು ಕಲಿಯಲು ಹೋಗಿ ಕೈ ಸುಟ್ಟುಕೊಂಡಿದ್ದ. ಹಣಮಂತನ ಒಂದು ನೀಲಿ ಅಂಗಿ ಅವಳ ಪೆಟ್ಟಿಗೆಯಲ್ಲಿದೆ ಎಂದು ಯಾರಿಂದಲೋ ತಿಳಿದು, ಅದನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತರೆ ಒಂದು ಚಿತ್ರ ತೆಗೆಯುತ್ತೇನೆ ಎಂದು ನನ್ನಿಂದ ಕೇಳಿಸಿದ. ಸಾಬವ್ವ ಸೂಜಿ ಕೆಳಗಿಟ್ಟಳು.

"ಆತಗ ಹೇಳು. ನನ್ನ ದುಃಖ ದಿನಾ ಉಡೋ ಸೀರಿ. ಪಾವಣ್ಯಾರು ಬಂದಾಗ ಪೆಟಗಿ ತಗದು ತೋರ್ಸೋ ಇಳಕಲ್ ಸೀರಿ ಅಲ್ಲ."

ನಾನು ಅವನಿಗೆ ಇಂಗ್ಲಿಷಿನಲ್ಲಿ, ಇವತ್ತು ಅವರಿಗೆ ಮೈ ಹುಷಾರಿಲ್ಲವಂತೆ ಎಂದೆ. ಅವನು ಅಯ್ಯೋ ಎಂದು ಮೇಲೆ ಹೋದ.

"ನಾ ಅಷ್ಟುದ್ದ ಅಂದೆ, ಆತ ಬರೇ ತಲಿ ಅಲ್ಲಾಡಿಸಿ ಹೋದ್ನಲ್ಲ?" ಎಂದು ಸಾಬವ್ವ ಆಶ್ಚರ್ಯಪಟ್ಟಳು. ನಾನು ನಕ್ಕುಬಿಟ್ಟೆ. ಯಾರಿಗೂ ನೋವಾಗದಂತೆ ದಾಟಿಸಿದೆನಲ್ಲ ಎಂದು ಆಗ ಒಳಗೊಳಗೇ ಹೆಮ್ಮೆಯೂ ಆಗಿತ್ತು. ದುಭಾಷಿಯ ಜಾಣತನವೆಂದರೆ ಅದೇ ಎಂದುಕೊಂಡಿದ್ದೆ.

ಅವನು ಹೋದ ಮೇಲೆ ಬಂದವಳು ಹನಾನ್. ಸುಡಾನಿನವಳು, ಮೂವತ್ತರ ಆಸುಪಾಸು. ಯುದ್ಧ ಶುರುವಾದಾಗ ತಾಯಿಯನ್ನು ಕರೆದುಕೊಂಡು ಕೈರೋಗೆ ಓಡಿದ್ದಳು. ಮನೆ ಕಾಯುತ್ತೇನೆಂದು ಖಾರ್ಟೂಮಿನಲ್ಲೇ ಉಳಿದ ತಮ್ಮ ಯಾಸಿರ್ ಒಂದು ದಿನ ನೀರು ತರಲು ಹೋದವನು ತಿರುಗಿ ಬಂದಿರಲಿಲ್ಲ. ಅವಳು ಬಿಳಿ ಬಟ್ಟೆಯ ಮೇಲೆ ಕೆಂಪು ದಾರದಲ್ಲಿ ಕಾಣೆಯಾದವರ ಹೆಸರುಗಳನ್ನು ಹೊಲಿಯುತ್ತಿದ್ದಳು. ಮೈಗೆ ತೋಬ್ ಎಂಬ ಉದ್ದನೆಯ ಬಟ್ಟೆ ಸುತ್ತಿಕೊಂಡು ಗಲ್ಲಿಯಲ್ಲಿ ಬಂದಾಗ ಹೆಂಗಸರೆಲ್ಲ ಬಾಗಿಲಿಗೆ ಬಂದರು.

"ಸೀರಿ ಉಟ್ಟಾಳ ಖರೆ, ಸೆರಗು ಎಲ್ಲಿ ಸುರು ಆಗ್ತದ, ಎಲ್ಲಿ ಮುಗೀತದ, ಗೊತ್ತೇ ಆಗಂಗಿಲ್ಲ!" ಎಂದು ಸಾಬವ್ವ ನಕ್ಕಳು. ಆಮೇಲೆ ಅಭ್ಯಾಸದಂತೆ ಅಂಚು ಹಿಡಿದಳು. ನಗು ನಿಂತಿತು. "ಒಗದು ಒಗದು ಮೆತ್ತಗಾಗ್ಯಾದ. ಇದು ಈಕಿದಲ್ಲ. ಯಾರ್ದೋ ಹಿರೇರದ್ದು."

ಇದನ್ನು ಹಾಗೆಯೇ ಇಂಗ್ಲಿಷಿಗೆ ತಂದೆ. ಹನಾನ್ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಅದು ಅವಳ ತಾಯಿಯದು. ಓಡಿ ಬರುವ ಅವಸರದಲ್ಲಿ ಕೈಗೆ ಸಿಕ್ಕಿದ್ದು.

ಹನಾನ್ ಅಂಗಡಿಯಿಂದ ಹೊಸ ಬಿಳಿ ಬಟ್ಟೆ ತಂದು ಕತ್ತರಿಸತೊಡಗಿದಾಗ ಸಾಬವ್ವ ಎರಡು ದಿನ ಸುಮ್ಮನೆ ನೋಡಿದಳು. ಮೂರನೆಯ ದಿನ ತಡೆಯಲಾಗಲಿಲ್ಲ. "ಹೊಸ ಅರಿವಿ ಮ್ಯಾಲ ಸತ್ತೋರ ಹೆಸರು ನಿಲ್ಲಂಗಿಲ್ಲ, ಜಾರ್ತದ" ಎಂದು ಒಳಗೆ ಹೋದಳು. ಪೆಟ್ಟಿಗೆ ತೆಗೆದು ನೀಲಿ ಅಂಗಿ ತಂದು, ತಾನೇ ಕತ್ತರಿಯಿಂದ ಬೆನ್ನಿನ ಭಾಗವನ್ನು ಚೌಕವಾಗಿ ಕತ್ತರಿಸಿ ಹನಾನಳ ಮಡಿಲಿಗೆ ಹಾಕಿದಳು.

ನಾನು ದಂಗಾದೆ. "ಆ ಫೋಟೋಗ್ರಾಫರಿಗೆ ತೋರಿಸೋದೂ ಇಲ್ಲ ಅಂದಿದ್ದೆಯಲ್ಲ?"

"ಆತ ನೋಡ್ಲಾಕ ಬಂದಿದ್ದ. ಈಕಿ ಹೊಲೀಲಾಕ ಬಂದಾಳ."

ಅಲ್ಲಿಂದ ಅದು ಕೌದಿಯಾಯಿತು. ಗಲ್ಲಿಯ ಹೆಂಗಸರು ಒಬ್ಬೊಬ್ಬರಾಗಿ ತುಂಡು ತಂದರು. ಹದಿಮೂರನೆಯ ಮಹಡಿಯ ಪರಾಂಚಿಯಿಂದ, ಗೋಡೆಯ ಹೊರಗೆ ಕಟ್ಟಿದ ಬಿದಿರಿನ ಅಟ್ಟಣಿಗೆಯಿಂದ, ಬಿದ್ದ ಅಣ್ಣನ ಲುಂಗಿ, ಲಿಫ್ಟಿಗೆಂದು ತೋಡಿದ ಗುಂಡಿಯಲ್ಲಿ ಹೆಣವಾಗಿ ಸಿಕ್ಕಿದ ಮಗನ ಸ್ಕೂಲಿನ ಚಡ್ಡಿ, ಎಲ್ಲಿ ಹೋದನೆಂದೇ ತಿಳಿಯದ ಒಬ್ಬನ ಟವೆಲು. ಹನಾನ್ ತನ್ನ ತಮ್ಮನ ಹಸಿರು ಮಫ್ಲರನ್ನು ಅರ್ಧ ಕತ್ತರಿಸಿ ಹಣಮಂತನ ನೀಲಿಯ ಪಕ್ಕದಲ್ಲಿಟ್ಟಳು. ಹೆಸರು ಬರೆಯುವುದು ಹನಾನಳ ಕೆಲಸ, ಅಂಚು ಮತ್ತು ಮೂಲೆ ಸಾಬವ್ವನದು. ಸೂಜಿ ತಪ್ಪು ಕಡೆ ಹೋದರೆ ಸಾಬವ್ವ ಬೆರಳಿಟ್ಟು "ಇಲ್ಲೇ, ಇಲ್ಲೇ" ಎನ್ನುವಳು. ಒಂದು ತಿಂಗಳಲ್ಲಿ ಹನಾನಳಿಗೆ ಬಾ, ಸಾಕು, ಉಣ್ಣು, ಇಲ್ಲೇ ಎಂಬ ಮಾತುಗಳು ಬಂದವು. ನಾನು ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತಿದ್ದೆ. ಅವರಿಬ್ಬರಿಗೂ ನನ್ನಿಂದ ಆಗಬೇಕಾದದ್ದು ಹೆಚ್ಚೇನೂ ಇರಲಿಲ್ಲ.

ಕೊನೆಯಲ್ಲಿ ಪ್ರದರ್ಶನ. ಯೆರವಡಾದ ಐಟಿ ಪಾರ್ಕೊಂದರ ನೆಲಮಹಡಿಯ ಹಾಲನ್ನು, ಆ ಕಟ್ಟಡ ಕಟ್ಟಿದ ಕಂಪನಿಯವರೇ ಸಂಸ್ಥೆಗೆ ಒಂದು ವಾರಕ್ಕೆ ಬಿಟ್ಟುಕೊಟ್ಟಿದ್ದರು. ಅವರ ಕಡೆಯ ದೊಡ್ಡ ಮನುಷ್ಯರೊಬ್ಬರು ಮುಖ್ಯ ಅತಿಥಿ. ಸಾಬವ್ವ ನಾಲ್ಕು ಮಾತಾಡಬೇಕೆಂದು ಸಂಸ್ಥೆಯ ಸಂಚಾಲಕಿ ಬಯಸಿದ್ದರು. ನನ್ನನ್ನು ಬದಿಗೆ ಕರೆದು, "ಅನುವಾದ ಚಿಕ್ಕದಾಗಿರಲಿ. ಅತಿಥಿಗಳಿಗೆ ಟೈಮಿಲ್ಲ, ವಾತಾವರಣ ಹಗುರವಾಗಿರಲಿ" ಎಂದಿದ್ದರು. ಸಾಬವ್ವನಿಗೆ ಮರಾಠಿ ಬರುತ್ತಿತ್ತು, ತರಕಾರಿಯವನೊಂದಿಗೆ ಜಗಳವಾಡುವಷ್ಟು. ಆದರೆ ವೇದಿಕೆಯ ಮೇಲೆ ಕನ್ನಡದಲ್ಲೇ ಮಾತಾಡುತ್ತೇನೆಂದಳು. "ಬಾಜಾರದ ಮಾತು ಬಾಜಾರಕ್ಕ. ಹಣಮಂತನ ಮಾತು ನಮ್ಮ ಮಾತಿನ್ಯಾಗೇ ಆಗ್ಬೇಕು."

ಸಂಸ್ಥೆಯ ಕಾರು ಹೊಸ ಸೇತುವೆ ದಾಟಿ ಯಾವುದೋ ಸುತ್ತು ದಾರಿಯಲ್ಲಿ ಹೋಯಿತು. ಗೇಟಿನ ಹತ್ತಿರ ಇಳಿದಾಗ ಅವಳು ಬೇಲಿಯಂಚಿನ ಒಂದು ಹಳೆಯ ಆಲದ ಮರವನ್ನು ನೋಡುತ್ತ ನಿಂತುಬಿಟ್ಟಳು. "ಆ ಗಿಡ ಹಂಗೇ ಬಿಟ್ಟಾರ" ಎಂದಳು. ನನಗೆ ಅರ್ಥವಾಗಲಿಲ್ಲ. ತಡವಾಗುತ್ತಿದೆಯೆಂದು ಕೈಹಿಡಿದು ಒಳಗೆ ಕರೆದುಕೊಂಡು ಹೋದೆ.

ಕೌದಿಯನ್ನು ಬಿಳಿ ಗೋಡೆಗೆ ತೂಗುಹಾಕಿ ಬೆಳಕು ಬಿಟ್ಟಿದ್ದರು. ಸಾಬವ್ವ ಮೈಕಿನ ಮುಂದೆ ನಿಂತು ತನ್ನ ಪಾದಗಳ ಕೆಳಗಿನ ನೆಲ ನೋಡಿದಳು. ಆಮೇಲೆ ಮುಂದಿನ ಸಾಲಿನಲ್ಲಿದ್ದವರನ್ನು ನೋಡಿ ಹೇಳಿದಳು:

"ನನ್ನ ಗಂಡನ ಹೆಸರು ಹಣಮಂತ. ಆ ನೀಲಿ ಅಂಗಿ ಆತಂದು. ಆತ ಇಲ್ಲೇ ಸತ್ತಾನ. ಈ ಬಿಲ್ಡಿಂಗಿಗಿ ಬುನಾದಿ ಅಗಿಯೋವಾಗ, ಇಲ್ಲೇ, ಈ ಫರಸಿ ಕೆಳಗ. ನಾ ಬುಟ್ಟಿ ಹೊತ್ತು ಮ್ಯಾಲ ನಿಂತಿದ್ದೆ. ಇಂಥಾ ಮನಷ್ಯಾ ಇಲ್ಲಿ ಕೆಲಸಾನೇ ಮಾಡಿಲ್ಲ ಅಂದ್ರಿ ನೀವು. ಮಾಡ್ಯಾನ ಅಂತ ಒಂದ್ಸಲ ಅನ್ರಿ. ನನಗ ಮತ್ತೇನೂ ಬ್ಯಾಡ."

ಮೈಕ್ ನನ್ನ ಕೈಗೆ ಬಂತು. ಮುಖ್ಯ ಅತಿಥಿ ನಸುನಗುತ್ತ ನನ್ನ ಕಡೆ ತಿರುಗಿದ್ದರು. ಸಂಚಾಲಕಿ ಗಡಿಯಾರ ನೋಡುತ್ತಿದ್ದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ: "ಇವರ ಗಂಡ ಕಟ್ಟಡ ಕಾರ್ಮಿಕರಾಗಿದ್ದರು. ಕೆಲಸ ಮಾಡುವಾಗ ತೀರಿಕೊಂಡರು. ಆ ನೀಲಿ ಬಟ್ಟೆ ಅವರದು. ಬಂದಿರುವ ತಮಗೆಲ್ಲ ಇವರು ಧನ್ಯವಾದ ಹೇಳುತ್ತಿದ್ದಾರೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಸಾಬವ್ವ ಬೆಚ್ಚಿಬಿದ್ದಳು.

"ಚಪ್ಪಾಳಿ ಯಾಕ ತಂಗಿ? ಇಷ್ಟೇ ಏನು ಹೇಳಿದಿ?"

"ಇಂಗ್ಲಿಷಿನಲ್ಲಿ ಚಿಕ್ಕದಾಗುತ್ತೆ ಸಾಬವ್ವ."

ಅವಳು ನಂಬಿದಳು. ನಂಬಿ ಇಳಿಯಲು ಹೊರಟಳು. ಆಗ ಹನಾನ್ ಎದ್ದು ನಿಂತಳು. ನನ್ನನ್ನೇ ನೋಡುತ್ತ, ಮೈಕಿಲ್ಲದೆಯೇ ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲಿ ಕೇಳಿದಳು. "ಅವಳು 'ಇಲ್ಲೇ' ಅಂದಳು. ಎರಡು ಸಲ ಅಂದಳು. 'ಇಲ್ಲೇ' ಅಂದರೆ ಈ ಜಾಗ ಅಂತ ನನಗೆ ಗೊತ್ತು. ಇಲ್ಲೇ ಏನಾಯಿತು? ಅದನ್ನು ನೀನು ಹೇಳಲಿಲ್ಲ."

ಇಂಗ್ಲಿಷು ತಿಳಿಯದ ಸಾಬವ್ವನಿಗೆ ಆ 'ಇಲ್ಲೇ' ತಿಳಿಯಿತು. ನನ್ನ ಮುಖವೂ ತಿಳಿಯಿತು. ಅವಳು ನನ್ನ ಕೈಯಿಂದ ಮೈಕ್ ತೆಗೆದುಕೊಂಡಳು. ಕಸಿದುಕೊಳ್ಳಲಿಲ್ಲ, ಮಕ್ಕಳ ಕೈಯಿಂದ ಕತ್ತರಿ ತೆಗೆದುಕೊಳ್ಳುವಂತೆ ಮೆಲ್ಲಗೆ ತೆಗೆದುಕೊಂಡಳು. ತರಕಾರಿ ಅಂಗಡಿಯ ಮರಾಠಿಯಲ್ಲಿ ಹೇಳಿದಳು: "ಮಾಝಾ ನವರಾ ಇಥೇಚ್ ಮೇಲಾ." ನನ್ನ ಗಂಡ ಇಲ್ಲೇ ಸತ್ತ. ಪಾದದಿಂದ ನೆಲ ತಟ್ಟಿ ತೋರಿಸಿದಳು. "ಇಥೇಚ್."

ಮುಂದಿನ ಸಾಲಿನವರು ಫೋನ್ ಬಂದವರಂತೆ ಎದ್ದು ಹೋದರು. ಮಾಡ್ಯಾನ ಎಂದು ಯಾರೂ ಅನ್ನಲಿಲ್ಲ.

ಮರಳುವಾಗ ನಾವು ಮೂವರೂ ಒಂದೇ ಆಟೋದಲ್ಲಿ ಬಂದೆವು. ವಸ್ತಿಯ ತಿರುವು ಬಂದಾಗ ಸಾಬವ್ವ ನನ್ನ ಕಡೆ ನೋಡದೆ ಹೇಳಿದಳು. "ನೀ ಅಂಜಿದಿ. ಅಂಜೋದು ತಪ್ಪಲ್ಲ ತಂಗಿ, ನಾನೂ ಭಾಳ ಸಲ ಅಂಜೀನಿ. ಇಂಗ್ಲಿಷ್ ಸಣ್ಣದು ಅಂತ ನನಗ ಹೇಳಿದಿ ನೋಡು, ಅದು ತಪ್ಪು."

ಮಾರನೆಯ ದಿನವೇ ಹಾಲಿಗೆ ಬೀಗ ಬಿತ್ತು, ಏನೋ ದುರಸ್ತಿಯೆಂದರು. ಕೌದಿ ರಟ್ಟಿನ ಪೆಟ್ಟಿಗೆಯಲ್ಲಿ ವಾಪಸು ಬಂತು. ಮರಾಠಿ ಪತ್ರಿಕೆಯೊಂದು ಒಳಪುಟದಲ್ಲಿ ಸಣ್ಣ ಸುದ್ದಿ ಹಾಕಿತ್ತು. ಸಾಬವ್ವ ಅದನ್ನು ಕತ್ತರಿಸಿ ತರಿಸಿಕೊಂಡು ನನ್ನ ಮುಂದೆ ಹಿಡಿದಳು. "ಇದರಾಗ ಹಣಮಂತ ಎಲ್ಲಿ ಅದಾನ?" ನಾನು ಅವಳ ಬೆರಳು ಹಿಡಿದು ಆ ಅಕ್ಷರಗಳ ಮೇಲಿಟ್ಟೆ. ಅವಳು ಬಹಳ ಹೊತ್ತು ಬೆರಳು ತೆಗೆಯಲಿಲ್ಲ. "ಇಷ್ಟ ಸಣ್ಣದು?" ಎಂದಳು. ಬೆರಳಿನ ಕೆಳಗೆ ಹೆಸರು ಪೂರ್ತಿ ಮುಚ್ಚಿಹೋಗಿತ್ತು.

ಆ ಮಾತಿಗೆ ಅವಳು ತೆತ್ತದ್ದು ಮಾತ್ರ ಸಣ್ಣದಾಗಿರಲಿಲ್ಲ. ಸಂಸ್ಥೆ ಕಲಾವಿದರನ್ನು ಊರಿನ ಇನ್ನೊಂದು ತುದಿಗೆ ಕರೆದೊಯ್ದಿತು, ತಗಡಿನ ಕೋಣೆಗೆ ಯಾರೂ ಬರಲಿಲ್ಲ. ಮುಕಾದಮ, ಅಂದರೆ ಆಳುಗಳನ್ನು ಸೇರಿಸಿ ಕೆಲಸಕ್ಕೆ ಕಳಿಸುವವನು, ಸೈಟಿನಲ್ಲಿ ಕೆಲಸವಿಲ್ಲ ಎಂದು ಅವಳನ್ನು ಬೆಳಿಗ್ಗೆ ಬೆಳಿಗ್ಗೆ ತಿರುಗಿ ಕಳಿಸತೊಡಗಿದ. ಬೇರೆ ಸೈಟಿನಲ್ಲೂ ಅದೇ ಮಾತು. ಹನಾನ್ ತನ್ನಿಂದಾಗಿ ಹೀಗಾಯಿತೆಂದು ಅತ್ತಳು. ಸಾಬವ್ವ ಅದನ್ನು ಒಪ್ಪಲಿಲ್ಲ. "ಮಾತು ನಂದು. ನೀ ಬರೇ ನೆನಪು ಮಾಡಿಕೊಟ್ಟಿ."

ಹನಾನ್ ಕೈರೋಗೆ ಹೊರಟ ದಿನ ಹೆಂಗಸರೆಲ್ಲ ಸೇರಿದ್ದರು. ಕೌದಿ ಯಾರಲ್ಲಿರಬೇಕೆಂದು ಮಾತಾಯಿತು. ಸಾಬವ್ವ ಅದನ್ನು ಮಡಚಿ ಹನಾನಳ ಚೀಲಕ್ಕೆ ತುರುಕಿದಳು. ಹನಾನ್ ಬೇಡವೆಂದು ತಲೆಯಾಡಿಸಿದರೆ, "ಹೋಗ್ಲಿ ಬಿಡವ್ವಾ, ನಮ್ಮೋರೂ ಒಂದ್ಸಲ ಇಮಾನದಾಗ ಕುಂದ್ರಲಿ" ಎಂದಳು. ಗಲ್ಲಿಯೆಲ್ಲ ನಕ್ಕಿತು. ನಗುತ್ತಲೇ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಆಮೇಲೆ ನಾನು ಮೊದಮೊದಲು ಪ್ರತಿ ಭಾನುವಾರ ಹೋಗುತ್ತಿದ್ದೆ. ಬರಬರುತ್ತ ಹದಿನೈದು ದಿನಕ್ಕೊಮ್ಮೆಯಾಯಿತು, ತಿಂಗಳಿಗೊಮ್ಮೆಯಾಯಿತು. ವಾಕಡದಿಂದ ಯೆರವಡಾ ದೂರ, ಟ್ರಾಫಿಕ್ಕು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಿಜವೆಂದರೆ ಅವಳ ಎದುರು ಕೂರುವುದು ನನಗೆ ಕಷ್ಟವಾಗುತ್ತಿತ್ತು. ಅವಳು ಮಾತ್ರ ಏನೂ ಆಗಿಲ್ಲವೆಂಬಂತೆ ರೊಟ್ಟಿ ಹಾಕಿ, "ಆ ಹುಡುಗಿ ತಮ್ಮ ಸಿಕ್ಕನೇನು?" ಎಂದು ಕೇಳುತ್ತಿದ್ದಳು. ಸಿಕ್ಕಿರಲಿಲ್ಲ. ಇಂದಿಗೂ ಸಿಕ್ಕಿಲ್ಲ.

ಅವಳ ಕೆಮ್ಮು ಹೆಚ್ಚುತ್ತ ಹೋಯಿತು. ಅಷ್ಟು ವರ್ಷ ಸಿಮೆಂಟಿನ ಧೂಳು ಕುಡಿದ ಎದೆ. ಮಗಳು ಸೊಲ್ಲಾಪುರದಿಂದ ಬಂದು ಸರ್ಕಾರಿ ಆಸ್ಪತ್ರೆಗೆ ಸೇರಿಸಿದಳು. ಇಪ್ಪತ್ತು ದಿನದ ಮೇಲೆ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದರು. ಒಂದು ಬುಧವಾರ ನಾನು ಆಫೀಸಿನ ಮೀಟಿಂಗಿನಲ್ಲಿದ್ದಾಗ ಮಗಳ ಫೋನು ಬಂತು. ಅವ್ವ ಬೆಳಿಗ್ಗೆ ಹೋದಳೆಂದೂ, ಊರಿಗೆ ಒಯ್ಯುತ್ತಿದ್ದೇವೆಂದೂ, ಗಾಡಿ ಆಗಲೇ ಸೊಲ್ಲಾಪುರ ದಾಟಿತೆಂದೂ ಹೇಳಿದಳು. ನನಗೆ ಮಣ್ಣು ಕೊಡಲೂ ಆಗಲಿಲ್ಲ. ಹಾಗಾಗಿ ಅದರ ಹಿಂದಿನ ಭಾನುವಾರವೇ ನಾನು ಅವಳನ್ನು ಕೊನೆಯದಾಗಿ ನೋಡಿದ್ದು.

ಆ ಭಾನುವಾರ ಅವಳು ಗೋಡೆಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಸಿಕ್ಕುತ್ತಿರಲಿಲ್ಲ. ಕೈಗಳು ಮಕ್ಕಳ ಕೈಗಳಷ್ಟು ಸಣ್ಣಗಾಗಿದ್ದವು. "ಹನಾನಗ ಫೋನ್ ಹಚ್ಚು" ಎಂದಳು. ಹಚ್ಚುವ ಮೊದಲು ನನ್ನ ಮಣಿಕಟ್ಟು ಹಿಡಿದಳು. "ನಾ ಎಷ್ಟ ಅಂತೀನಿ ಅಷ್ಟೇ ಹೇಳು. ಒಂದು ಮಾತು ಹೆಚ್ಚ ಬ್ಯಾಡ, ಒಂದು ಮಾತು ಕಡಿಮಿ ಬ್ಯಾಡ."

ಪರದೆಯ ಮೇಲೆ ಹನಾನ್ ಕಾಣಿಸಿಕೊಂಡಳು. ಅವಳ ಹಿಂದೆ ಕೈರೋದ ಒಂದು ಅಡುಗೆಮನೆ, ಒಲೆಯ ಮುಂದೆ ಅವಳ ತಾಯಿಯ ಬೆನ್ನು. ಸಾಬವ್ವನನ್ನು ನೋಡಿದವಳೇ ಫೋನನ್ನು ಮುಖದ ಹತ್ತಿರ ತಂದುಕೊಂಡಳು. ಆಮೇಲೆ ಗಡಿಬಿಡಿಯಿಂದ, ಮುಂದಿನ ವರ್ಷ ವೀಸಾ ಸಿಗುತ್ತದೆ, ಬಂದೇ ಬರುತ್ತೇನೆ, ಇನ್ನೊಂದು ಕೌದಿ ಹೊಲಿಯೋಣ ಎಂದಳು. ನಾನು ಹಾಗೆಯೇ ಹೇಳಿದೆ.

ಸಾಬವ್ವ ಉಸಿರು ಕೂಡಿಸಿಕೊಂಡಳು. "ಬರಬ್ಯಾಡ ಅಂತ ಹೇಳು. ಮುಂದಿನ ವರ್ಷ ನಾ ಇರಂಗಿಲ್ಲ. ಅಷ್ಟು ದೂರದಿಂದ ಬಂದು ಬೀಗ ನೋಡಿ ಹೋಗೋದು ಬ್ಯಾಡ. ತಮ್ಮ ಬರ್ತಾನಂತ ಕಾಯ್ಲಿ. ನನಗ ಕಾಯಬ್ಯಾಡ."

ನನ್ನ ನಾಲಿಗೆಯ ತುದಿಗೆ ಬೇರೆಯದೇ ಒಂದು ವಾಕ್ಯ ಬಂದಿತ್ತು. ಸ್ವಲ್ಪ ಸುಸ್ತಾಗಿದ್ದಾರೆ, ನೀನು ಬರುವುದನ್ನೇ ಕಾಯುತ್ತಾರೆ ಎಂಬಂಥದ್ದು. ಅದನ್ನು ನುಂಗಿಕೊಂಡೆ. ಸಾಬವ್ವ ಅಂದದ್ದನ್ನು ಒಂದೊಂದೇ ಮಾತಾಗಿ, ಬೀಗವನ್ನೂ ಬಿಡದೆ ಹೇಳಿದೆ. ಹನಾನ್ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. ಫೋನು ಎಲ್ಲೋ ವಾಲಿ, ಅವಳ ಅಳು ಮಾತ್ರ ಕೇಳಿಸುತ್ತಿತ್ತು.

"ಯಾಕ ಅಳ್ಲತಾಳ? ಏನಂದಿ ನೀ?"

"ನೀನು ಅಂದದ್ದನ್ನೇ ಅಂದೆ."

"ಪೂರಾ?"

"ಪೂರಾ."

ಸಾಬವ್ವ ಕಣ್ಣು ಮುಚ್ಚಿ ತಲೆಯನ್ನು ಗೋಡೆಗೆ ಆನಿಸಿದಳು. "ಹಂಗಿದ್ರ ಅಳಲಿ ಬಿಡು" ಎಂದಳು. "ಫೋನ್ ಇಡಬ್ಯಾಡ."

ನಾನು ಇಡಲಿಲ್ಲ. ಅವಳ ಮುಖದ ಹತ್ತಿರ ಹಿಡಿದುಕೊಂಡೇ ಕೂತೆ.